ಅವ್ವನ ಅಳತೆ ಪುಸ್ತಕ

ವಿಜಯವಾಡದ ಭವಾನಿಪುರಂನಲ್ಲಿ ನಮ್ಮ ಮನೆಯ ಸಾಮಾನು ಲಾರಿಗೆ ಏರುತ್ತಿದ್ದ ದಿನ, ಕಂತಿನ ಮೇಲೆ ಕೊಟ್ಟಿದ್ದ ಅಂಗಡಿಯವರು ಅವ್ವನ ಹೊಲಿಗೆ ಯಂತ್ರವನ್ನು ಒಯ್ದರು. ಧಾರವಾಡದಿಂದ ಬಂದ ಬ್ಯಾಂಕ್ ಅಧಿಕಾರಿ ಅಪ್ಪನಿಗೆ ನಾಲ್ಕು ವರ್ಷಗಳ ನಂತರ ವಿಶಾಖಪಟ್ಟಣಕ್ಕೆ ವರ್ಗವಾಗಿತ್ತು. ದೊಡ್ಡ ಸಾಮಾನು ಮೊದಲು ಹೋಗುವುದು, ಅವ್ವ ಎರಡು ವಾರ ಉಳಿದು ಒಪ್ಪಿಕೊಂಡ ರವಿಕೆಗಳನ್ನು ಮುಗಿಸಿ ಬರುವುದು ಎಂದು ನಿರ್ಧಾರವಾಗಿತ್ತು. ಲಾರಿಯನ್ನು ಕಂಡ ಕಂತು ವಸೂಲಿಯವನು ನಾವು ಓಡಿಹೋಗುತ್ತಿದ್ದೇವೆಂದು ತಿಳಿದ. ಓಣಿಯವರು ನೋಡುತ್ತಿರುವಾಗಲೇ ಯಂತ್ರವನ್ನು ರಿಕ್ಷಾಕ್ಕೆ ಏರಿಸಿದ. ನಾವು ಒಂದು ಕಂತನ್ನೂ ತಪ್ಪಿಸಿರಲಿಲ್ಲ. ಉಳಿದ ಎರಡರ ಗಡುವು ಇನ್ನೂ ಬಂದಿರಲಿಲ್ಲ.

"ಕಡೀ ಕಂತು ಮುಟ್ಟೂತನಕ ಮಷೀನ್ ಅಂಗಡೀದಂತ" ಎಂದಷ್ಟೇ ಹೇಳಿ, ಅವ್ವ ಕತ್ತರಿಸಿಟ್ಟ ಹನ್ನೊಂದು ರವಿಕೆಗಳ ಬಟ್ಟೆಯನ್ನು ವಾಪಸು ಕೊಡಲು ಮಡಚತೊಡಗಿದಳು. ಎಲ್ಲವೂ ಒಂದೇ ಮದುವೆ ಮನೆಯವು.

ನಾನಾಗ ವಿಶಾಖಪಟ್ಟಣದಲ್ಲಿ ಕಾನೂನು ಓದುತ್ತಿದ್ದೆ, ರಜೆಗೆ ಬಂದಿದ್ದೆ. ಕರಾರು ಪತ್ರ ತೆಗೆಸಿ ಓದಿದೆ. ಯಂತ್ರ ಅಂಗಡಿಯದೇ, ನಿಜ. ಆದರೆ ಕಂತು ತಪ್ಪಿದರೆ, ಅದೂ ನೋಟಿಸ್ ಕೊಟ್ಟ ಮೇಲಷ್ಟೇ, ಅವರು ಅದನ್ನು ಒಯ್ಯಬಹುದಿತ್ತು. ಗ್ರಾಹಕರ ವೇದಿಕೆಗೆ ದೂರು ಬರೆದೆ. ಅಲ್ಲಿ ವಕೀಲರೇ ಬೇಕೆಂದಿರಲಿಲ್ಲ. ಅವ್ವನ ಪರವಾಗಿ ನಾನೇ ನಿಲ್ಲಬಹುದಿತ್ತು.

ತೊಡಕಿದ್ದದ್ದು ನಷ್ಟಪರಿಹಾರದಲ್ಲಿ. ಕೈತಪ್ಪಿದ ಕೂಲಿಯನ್ನು ಕೇಳಬೇಕಾದರೆ, ಅವ್ವ ಹಣಕ್ಕೆ ಹೊಲಿಯುತ್ತಾಳೆಂಬುದು ಕರಾರಿನ ಹೊತ್ತಿಗೇ ಅಂಗಡಿಯವರಿಗೆ ಗೊತ್ತಿತ್ತೆಂದು ತೋರಿಸಬೇಕು. ಆದರೆ ಕಂತಿನ ಅರ್ಜಿಯ ಉದ್ಯೋಗದ ಕಾಲಂನಲ್ಲಿ ಅಪ್ಪನ ಕೈಬರಹದಲ್ಲಿ 'ಗೃಹಿಣಿ' ಎಂದಿತ್ತು. ಅಧಿಕಾರಿಯ ಹೆಂಡತಿ ಕೂಲಿಗೆ ಹೊಲಿಯುತ್ತಾಳೆಂದು ಬ್ಯಾಂಕಿನ ಕನ್ನಡ ಕುಟುಂಬಗಳಿಗೆ ಗೊತ್ತಾಗಬಾರದಿತ್ತು. ಅವರು ಮನೆಗೆ ಬಂದರೆ ಯಂತ್ರದ ಮೇಲೆ ಚಾದರ ಬೀಳುತ್ತಿತ್ತು.

"ಮಷೀನ್ ತಿರುಗಿ ಬಂದ್ರ ಸಾಕು. ಅಲ್ಲಿ ಕೂಲಿ ಮಾತ್ಯಾಕ?" ಎಂದರು ಅಪ್ಪ.

"ಅಲ್ರೀ, ಇಕಿ ಹಾಸ್ಟೆಲ್ ಫೀ ಕಟ್ಟೂಮುಂದ ಅದು ಕೂಲಿ ರೊಕ್ಕ ಅಂತ ನೆನಪಾಗಿರಲಿಲ್ಲೇನು?"

ನನ್ನ ಫೀ ಅವ್ವನ ಕೂಲಿಯದೆಂದು ನನಗೂ ತಿಳಿದದ್ದು ಆಗಲೇ. ದೂರಿನಲ್ಲಿ ಕೂಲಿಯ ಸಾಲನ್ನು ಸೇರಿಸಿದೆ.

ವಿಚಾರಣೆಯ ದಿನ ಅಂಗಡಿಯ ವಕೀಲರು ಅರ್ಜಿಯನ್ನು ಎತ್ತಿ ಹಿಡಿದು ತೆಲುಗಿನಲ್ಲಿ ಕೇಳಿದರು: "ಗೃಹಿಣಿ ಎಂದು ನೀವೇ ಬರೆದುಕೊಟ್ಟಿದ್ದೀರಿ. ಟೈಂಪಾಸಿಗೆ ಹೊಲಿಯುವವರಿಗೆ ಏನು ನಷ್ಟ ಅಮ್ಮಾ?"

ನಾನು ಏಳುವಷ್ಟರಲ್ಲಿ ಅವ್ವ ನನ್ನ ಕೈ ಜಗ್ಗಿ ಕೂರಿಸಿ, ತಾನೇ ಎದ್ದಳು. ಚೀಲದಿಂದ ಅಳತೆ ಪುಸ್ತಕ ತೆಗೆದಳು. ಪ್ರತಿ ಪುಟದಲ್ಲೂ ಅಳತೆ, ತಾರೀಖು, ಪಡೆದ ಕೂಲಿ. ಜೊತೆಗೆ ಗುಂಡುಪಿನ್ನಿನಲ್ಲಿ ಚುಚ್ಚಿದ ಬಟ್ಟೆಯ ತುಣುಕು.

"ಟೈಂಪಾಸಿಗಲ್ಲ ಸಾರ್," ಎಂದಳು, ಅದೇ ತೆಲುಗಿನಲ್ಲಿ. "ಹೊಲಿಯುತ್ತೇನೆ, ದುಡ್ಡು ತೆಗೆದುಕೊಳ್ಳುತ್ತೇನೆ. ಈ ಪುಟ ಅಂಗಡಿ ಯಜಮಾನರ ಹೆಂಡತಿಯದು. ಯಂತ್ರ ಕೊಳ್ಳುವ ಎರಡು ತಿಂಗಳ ಮುಂಚಿನದು, ಬಾಡಿಗೆಯ ಕೈಯಂತ್ರದಲ್ಲಿ ಹೊಲಿದದ್ದು. 'ಮೋಟಾರಿನದು ತಗೊಳ್ಳಮ್ಮಾ, ದುಪ್ಪಟ್ಟು ಗಳಿಸಬಹುದು' ಅಂದವರು ಈ ಯಜಮಾನರೇ."

ವೇದಿಕೆಯ ಮಹಿಳಾ ಸದಸ್ಯರು ಮಂಗಳಗಿರಿ ಸೀರೆಯ ಆ ಹಸಿರು ತುಣುಕನ್ನು ವಕೀಲರ ಪಕ್ಕ ಕೂತಿದ್ದ ಯಜಮಾನರತ್ತ ತೋರಿಸಿದರು. "ಗುರುತಾಯಿತಾ?"

ಅವರು ಮುಖ ಒರೆಸಿಕೊಂಡರು. "ನಮ್ಮ ಮನೆಯದೇ ಮೇಡಂ. ಚೆನ್ನಾಗಿ ಹೊಲಿಯುತ್ತಾರೆ."

ವಕೀಲರು ಕೂಡ ನಕ್ಕುಬಿಟ್ಟರು.

ಯಂತ್ರ ಮರಳಿ ಬಂತು. ಹನ್ನೊಂದು ರವಿಕೆಗಳ ಕೂಲಿಯನ್ನೂ, ಓಣಿಯ ಮುಂದೆ ಆದ ಅವಮಾನಕ್ಕೆ ಒಂದಿಷ್ಟು ಹಣವನ್ನೂ ಕೊಡಬೇಕೆಂದು ಆದೇಶವಾಯಿತು. ಅದರಲ್ಲಿ 'ದೂರುದಾರರು ಹೊಲಿಗೆಯಿಂದ ಗಳಿಸುವವರು' ಎಂಬ ವಾಕ್ಯವಿತ್ತು. ವಿಶಾಖಪಟ್ಟಣದ ರೈಲಿನಲ್ಲಿ ಅದನ್ನು ಮೂರು ಸಲ ಓದಿದೆ. ನಾನು ಬರೆದ ದೂರಿಗಿಂತ ಅದು ಚೆನ್ನಾಗಿತ್ತು.

ಚೆಕ್ಕು ಅವ್ವನ ಹೆಸರಿಗೆ ಬಂದಿತ್ತು. ಅವಳಿಗೆ ಖಾತೆಯೇ ಇರಲಿಲ್ಲ. ಅಪ್ಪ ತಮ್ಮ ಶಾಖೆಯಿಂದಲೇ ಅರ್ಜಿ ತಂದು ತುಂಬಲು ಕೂತರು. ಉದ್ಯೋಗದ ಕಾಲಂ ಬಂದಾಗ ಪೆನ್ನು ನಿಂತಿತು.

"ಏನ್ ಬರೀಲಿ?"

"ಇದನ್ನ ನಿಮ್ಮ ಆಫೀಸಿನವ್ರು ಓದತಾರೇನ್ರಿ?"

"ಎಲ್ಲಾರೂ ಓದತಾರ."

"ಹಂಗಾರ ಅಕ್ಷರ ದುಂಡಗ ಬರೀರಿ," ಎಂದಳು ಅವ್ವ.

ಅಪ್ಪ ದುಂಡಗೆ ಬರೆದರು: ಹೊಲಿಗೆ.