ಒದ್ದೆ ಕೈಯಾಡಿಸಿದ ಮೇಲೂ ಕೂರಬೇಕಾದ ಕೂದಲು

ಆಗಸ್ಟ್ ಮೂರು, ಭಾನುವಾರ, ಬೆಳಗ್ಗೆ ನಾಲ್ಕು ನಲವತ್ತು. ಗಲ್ಫಿನಲ್ಲಿ, ಮಂಗಾಫ್‌ನ ನಮ್ಮ ರೂಮಿನ ಬಾತ್‌ರೂಮಿನ ಕನ್ನಡಿಯೆದುರು ನಿಂತು ಹೊಸ ಡಬ್ಬಿಯ ಮುಚ್ಚಳ ತೆರೆದೆ. ಮೇಲೆ ದೊಡ್ಡದಾಗಿ ‘ಸ್ಟ್ರಾಂಗ್ ಹೋಲ್ಡ್’ ಎಂದೂ ಕೆಳಗೆ ಸಣ್ಣದಾಗಿ ‘ವಾಟರ್ ಬೇಸ್ಡ್ ಪೊಮೇಡ್’ ಎಂದೂ ಬರೆದಿತ್ತು. ಕೂದಲನ್ನು ಗಟ್ಟಿಯಾಗಿ ಹಿಡಿಯಬೇಕು, ನೀರು ತಾಗಿದರೆ ಬಿಡಬೇಕು. ಎರಡೂ ಗುಣ ಒಂದೇ ಡಬ್ಬಿಯಲ್ಲಿ ಇವೆಯೇ ಎಂದು ನೋಡುವುದು ನಾನು ಒಪ್ಪಿಕೊಂಡ ಕೆಲಸ. ಡಬ್ಬಿ ನನ್ನದಲ್ಲ, ರೂಮ್‌ಮೇಟಿನದು.

ಅವನು ಬಂಟ್ವಾಳದ ಕಡೆಯ ಬ್ಯಾರಿ ಹುಡುಗ. ಎಗೈಲಾದ ಮಾಲ್ ಒಂದರಲ್ಲಿ ಸೆಂಟಿನ ಅಂಗಡಿಯ ಸೇಲ್ಸ್‌ಮನ್. ಮೂರು ತಿಂಗಳ ಪ್ರೊಬೇಶನ್ ಮುಗಿಯುತ್ತಾ ಬಂದಿತ್ತು. ಇಪ್ಪತ್ತೊಂದರಂದು ಏರಿಯಾ ಮ್ಯಾನೇಜರ್ ಬಂದು ನೋಡುತ್ತಾರೆ, ಕಾಯಂ ಮಾಡುತ್ತಾರೆ ಅಥವಾ ಊರಿಗೆ ಕಳಿಸುತ್ತಾರೆ. ಮಾರಾಟದಲ್ಲಿ ಅವನ ಮೇಲೆ ದೂರಿರಲಿಲ್ಲ. ದೂರಿದ್ದದ್ದು ಕೂದಲಿನ ಬಗ್ಗೆ ಮಾತ್ರ.

ಅವನ ಶಿಫ್ಟ್ ಮಧ್ಯಾಹ್ನ ಎರಡರಿಂದ ರಾತ್ರಿ ಹತ್ತರವರೆಗೆ. ಅಷ್ಟರಲ್ಲಿ ಮೂರು ನಮಾಜ್ ಬರುತ್ತವೆ. ಪ್ರತಿ ನಮಾಜಿಗೆ ಮೊದಲು ವುಝೂ ಮಾಡುವಾಗ ಕೈ, ಮುಖ, ಕಾಲು ತೊಳೆಯುವುದರ ಜೊತೆಗೆ ಒದ್ದೆ ಕೈಯನ್ನು ತಲೆಯ ಮೇಲೂ ಆಡಿಸಬೇಕು. ಅವನದು ದಪ್ಪ ಗುಂಗುರು ಕೂದಲು. ಒದ್ದೆ ಕೈ ತಾಗಿದ ಹತ್ತು ನಿಮಿಷಕ್ಕೆ ಹಣೆಯ ಮೇಲೆ ಬೀಳುತ್ತಿತ್ತು. ಅಂಗಡಿಯ ನಿಯಮದ ಪ್ರಕಾರ ಕೂದಲು ಹಿಂದಕ್ಕೆ ಬಾಚಿರಬೇಕು, ಹಣೆಗೆ ಬರಬಾರದು. ಜೆಲ್ ಹಚ್ಚಿ ನೋಡಿದ್ದ. ಒಣಗಿದ ಜೆಲ್ ಒದ್ದೆಯಾಗಿ ಮತ್ತೆ ಒಣಗುವಾಗ ಬಿಳಿ ಹೊಟ್ಟಾಗಿ ಕಪ್ಪು ಶರ್ಟಿನ ಭುಜದ ಮೇಲೆ ಉದುರುತ್ತಿತ್ತು. ಎಗೈಲಾದಲ್ಲಿ ಹಿಮ ಬೀಳುತ್ತಿದೆಯಾ ಎಂದು ಸೂಪರ್‌ವೈಸರ್ ಗಿರಾಕಿಗಳ ಎದುರೇ ಕೇಳಿದರಂತೆ. ಆಮೇಲೆ ಮೇಣದಂಥ ವ್ಯಾಕ್ಸ್ ತಂದ. ಅದರ ಮೇಲೆ ನೀರು ಕೆಸುವಿನ ಎಲೆಯ ಮೇಲಿನಂತೆ ಉರುಳಿ ಹೋಯಿತು.

“ನೀರು ಕೂದಲಿಗೇ ಮುಟ್ಟದಿದ್ರೆ ಎಂತ ವುಝೂ ಮಾರಾಯ ಅದು?” ಎಂದು ಅದನ್ನೂ ಬಿಟ್ಟ.

ಪೂರ್ತಿ ಸಣ್ಣಗೆ ಕತ್ತರಿಸಿಬಿಡು ಎಂದೆ. ಚಿಕ್ಕಂದಿನಲ್ಲಿ ಬಿದ್ದು ಹೊಲಿಗೆ ಹಾಕಿಸಿಕೊಂಡ ಗಾಯದ ಗುರುತು ನೆತ್ತಿಯಲ್ಲಿ ಉದ್ದಕ್ಕೆ ಇದೆ. ಅದನ್ನು ಗಿರಾಕಿಗಳಿಗೆ ತೋರಿಸಲು ಅವನಿಗೆ ಮನಸ್ಸಿಲ್ಲ.

ಅಂಗಡಿಯಲ್ಲೇ ಹೊಸ ಡಬ್ಬಿಯ ಪರೀಕ್ಷೆ ಮಾಡುವ ಧೈರ್ಯ ಅವನಿಗಿರಲಿಲ್ಲ. ನಾನಾದರೆ ಮೀನಾ ಅಬ್ದುಲ್ಲಾದಲ್ಲಿ ಒಬ್ಬ ಕಂಟ್ರಾಕ್ಟರನ ಸ್ಟೋರ್‌ಕೀಪರ್. ತಲೆಯ ಮೇಲೆ ದಿನವಿಡೀ ಹೆಲ್ಮೆಟ್ ಇರುವುದರಿಂದ ನನ್ನ ಕೂದಲನ್ನು ಯಾರೂ ನೋಡುವುದಿಲ್ಲ. ಹೆಲ್ಮೆಟ್ ಮತ್ತು ಬೆವರನ್ನು ತಾಳಿಕೊಂಡರೆ ಮೂರು ವುಝೂವನ್ನೂ ತಾಳಿಕೊಂಡೀತು ಎಂಬುದು ನಮ್ಮ ಲೆಕ್ಕ. ದಿನಚರಿ ಬರೆಯುವ ಅಭ್ಯಾಸ ನನಗೆ ಮೊದಲಿನಿಂದಲೂ ಇದೆ. ಪೊಮೇಡ್‌ನ ಪ್ರಮಾಣ, ಕೂದಲು ಎಷ್ಟು ಒಣಗಿತ್ತು, ಹೊರಗಿನ ಹವೆ, ಎಷ್ಟು ಗಂಟೆಗೆ ಕುಸಿಯಿತು ಎಂದು ನಾಲ್ಕು ಕಲಂ ಎಳೆದೆ.

ಭಾನುವಾರ ಏಳು ಗಂಟೆಗೇ ಕುಸಿಯಿತು. ಸೋಮವಾರ ಏಳೂವರೆಗೆ. ಮಂಗಳವಾರ ಕಡಲೆಬೀಜದಷ್ಟು ಹಚ್ಚುವ ಬದಲು ಅದರ ಎರಡು ಪಟ್ಟು ಹಚ್ಚಿದೆ, ಆರೂಮುಕ್ಕಾಲಿಗೇ ಹೋಯಿತು. ಬುಧವಾರ, ಗುರುವಾರವೂ ಅಷ್ಟೇ. ಕೂದಲು ನಿಲ್ಲುವ ಮಾತಿರಲಿ, ಪೊಮೇಡ್ ತಲೆಯಲ್ಲಿ ಹಿಡಿಯುತ್ತಲೇ ಇರಲಿಲ್ಲ, ಜಾರುತ್ತಿತ್ತು. ಗುರುವಾರ ಸಂಜೆ ಡಬ್ಬಿಯನ್ನು ಅವನ ಮುಂದಿಟ್ಟು, ಇದು ಪ್ರಯೋಜನವಿಲ್ಲ ಎಂದೆ. ಅಂದು ಅವನಿಗೆ ವಾರದ ರಜೆ. ಅವನು ಬಂದು ನನ್ನ ತಲೆಯ ಹತ್ತಿರ ಮೂಗು ತಂದ. ದಿನವಿಡೀ ಕಾಗದದ ಪಟ್ಟಿಗೆ ಸೆಂಟ್ ಹೊಡೆದು ಮೂಸುವ ಮೂಗು ಅದು.

“ತೆಂಗಿನೆಣ್ಣೆ ಹಾಕಿದ್ದೀಯಾ?”

“ಅದು ದಿನಾ ಹಾಕುವುದಲ್ವಾ.”

“ಎಣ್ಣೆ ಹಾಕಿ ಅದ್ರ ಮೇಲೆ ನೀರಿನ ಪೊಮೇಡಾ? ಐದು ದಿನ ನೀನು ಪರೀಕ್ಷೆ ಮಾಡಿದ್ದು ನಿನ್ನ ಅಮ್ಮ ಕಳಿಸಿದ ಎಣ್ಣೆಯನ್ನು, ಇಂಜಿನಿಯರ್ರೇ. ತಲೆ ಅಲ್ಲ ಇದು, ಕೋಳಿ ಸುಕ್ಕದ ಬಾಣಲೆ.”

ಸ್ನಾನ ಮುಗಿಸಿ ಅಂಗೈಗೆ ಸುರಿದುಕೊಳ್ಳುವ ನಾಲ್ಕು ಹನಿ ಎಣ್ಣೆ ನನಗೆ ಹಚ್ಚುವ ವಸ್ತು ಎಂದೇ ಅನ್ನಿಸಿರಲಿಲ್ಲ. ಹಲ್ಲುಜ್ಜಿದ್ದನ್ನು ಯಾರಾದರೂ ಕಲಂ ಎಳೆದು ಬರೆಯುತ್ತಾರೆಯೇ? ಅವನ ಹದಿನೆಂಟು ದಿನಗಳಲ್ಲಿ ಐದನ್ನು ನಾನು ಹೀಗೆ ಕಳೆದಿದ್ದೆ.

ಶುಕ್ರವಾರ ನನಗೆ ರಜೆ, ಅವನಿಗೆ ಮಧ್ಯಾಹ್ನದವರೆಗೆ ಬಿಡುವು. ಬೆಳಗ್ಗೆ ಅವನ ತಲೆಯ ಮೇಲೆಯೇ ಶುರು ಮಾಡಿದೆವು. ಶ್ಯಾಂಪೂ ಹಾಕಿ ತೊಳೆದು, ಟವೆಲಿನಿಂದ ಅರ್ಧ ಒರೆಸಿ, ಕಡಲೆಬೀಜದಷ್ಟು ಪೊಮೇಡನ್ನು ಅಂಗೈಯಲ್ಲಿ ಬಣ್ಣ ಹೋಗುವವರೆಗೆ ಉಜ್ಜಿ ಹಚ್ಚಿದ. ಬಾಚಣಿಗೆಯ ಗೆರೆ ಮೂಡುವಷ್ಟು ಕೂದಲು ಹಿಂದಕ್ಕೆ ಕೂತಿತು. ಅರ್ಧ ಗಂಟೆ ಬಿಟ್ಟು ವುಝೂ ಮಾಡಿದ. ಒದ್ದೆ ಕೈ ತಾಗಿದಲ್ಲಿ ಪೊಮೇಡ್ ಮೆತ್ತಗಾಯಿತು, ತೊಳೆದು ಹೋಗಲಿಲ್ಲ. ಹಾಗೆಯೇ ಬಾಚಿದ, ಮತ್ತೆ ಕೂತಿತು. ಹೊಸದಾಗಿ ಹಚ್ಚುವ ಅಗತ್ಯವೇ ಬೀಳಲಿಲ್ಲ. ಅವನು ಕನ್ನಡಿಯೆದುರು ತುಂಬ ಹೊತ್ತು ನಿಂತಿದ್ದ.

ಒಂದು ವಿಷಯ ಮಾತ್ರ ಗಮನಿಸಬೇಕಾಗಿತ್ತು. ಆಗಸ್ಟಿನಲ್ಲಿ ಇಲ್ಲಿ ತಣ್ಣೀರಿನ ನಲ್ಲಿಯಲ್ಲಿ ಬರುವುದು ಟೆರೇಸಿನ ಟ್ಯಾಂಕಿಯಲ್ಲಿ ಕಾದ ನೀರು. ಮಧ್ಯಾಹ್ನದ ವುಝೂವಿನಲ್ಲಿ ಆ ನೀರಿಗೆ ಪೊಮೇಡ್ ಪೂರ್ತಿ ಕರಗಿ ಕುತ್ತಿಗೆಗೆ ಇಳಿಯಿತು. ಗೀಸರ್ ಆಫ್ ಮಾಡಿ, ಅದರೊಳಗೆ ನಿಂತು ತಣಿದ ನೀರನ್ನು ಬಿಸಿನೀರಿನ ನಲ್ಲಿಯಿಂದ ಹಿಡಿದರೆ ತೊಂದರೆ ಇಲ್ಲ. ಮಾಲಿನ ನೀರು ಹೇಗೂ ತಣ್ಣಗಿದೆ.

ಮುಂದಿನ ವಾರ ಅಂಗಡಿಯಲ್ಲಿ ಹದಿನೆಂಟು ನಮಾಜಿನಲ್ಲಿ ಹದಿನಾರು ಸಲ ಕೂದಲು ಸರಿಯಾಗಿ ಕೂತಿತು. ತಪ್ಪಿದ ಎರಡೂ ಸಲ ತೆಂಕಣ ಗಾಳಿ ಬೀಸಿ ಹೊರಗೆ ಹಬೆಯಂಥ ಸೆಕೆ ಇತ್ತು. ಅವನು ಚಹಾಕ್ಕೆಂದು ಮಾಲಿನ ಹೊರಗೆ ಹೋಗಿದ್ದ. ಬೆವರು ಸೇರಿ ಪೊಮೇಡ್ ಕಣ್ಣಿಗಿಳಿದು ಉರಿಯಿತಂತೆ. ಇನ್ನು ಮೇಲೆ ಚಹಾ ಒಳಗೇ ಎಂದು ತೀರ್ಮಾನಿಸಿದ. ಹಚ್ಚಿದ ಕೈಯನ್ನು ಸೋಪು ಹಾಕಿ ತೊಳೆಯದಿದ್ದರೆ ಸೆಂಟಿನ ಬಾಟಲಿಗಳ ಮೇಲೆ ಬೆರಳಚ್ಚು ಮೂಡುತ್ತದೆ ಎಂಬುದೂ ಆ ವಾರವೇ ಗೊತ್ತಾಯಿತು.

ಇಪ್ಪತ್ತೊಂದು, ಗುರುವಾರ. ವಾರದ ರಜೆಯಾದರೂ ಏರಿಯಾ ಮ್ಯಾನೇಜರ್ ಬರುವ ದಿನವೆಂದು ಅವನು ಅಂಗಡಿಗೆ ಹೋಗಿದ್ದ. ನಾನು ಬಸ್ಸಿನಲ್ಲಿ ಮರಳುತ್ತಿದ್ದಾಗ ಐದೂಕಾಲಿಗೆ ಫೋನ್ ಬಂತು. ಮಧ್ಯಾಹ್ನದ ಮೇಲಿನ ಅಸರ್ ನಮಾಜ್ ಮುಗಿಸಿ ಬರುವಾಗ ಏರಿಯಾ ಮ್ಯಾನೇಜರ್ ಆಗಲೇ ಕೌಂಟರಿನಲ್ಲಿದ್ದರಂತೆ. ಬಾಚಣಿಗೆ ಲಾಕರಿನಲ್ಲಿ. ನಡೆಯುತ್ತಲೇ ಒದ್ದೆ ಬೆರಳಿನಿಂದ ಹಿಂದಕ್ಕೆ ಎಳೆದುಕೊಂಡು ಹೋಗಿ ನಿಂತನಂತೆ. ಅವರು ತನಗೇ ಒಂದು ಊದ್ ಸೆಂಟ್ ಮಾರಿ ತೋರಿಸು ಎಂದರು, ಇವನು ಮಾರಿದ. ಹತ್ತು ನಿಮಿಷದಲ್ಲಿ ಖಲಾಸ್.

“ಕಾಯಂ ಆಯ್ತು ಮಾರಾಯ,” ಎಂದ. ದನಿಯಲ್ಲಿ ಇನ್ನೇನೋ ಇತ್ತು. “ಆದ್ರೆ ಈ ಅಂಗಡಿ ಅಲ್ಲ. ಒಂದನೇ ತಾರೀಕಿನಿಂದ ಸಮುದ್ರದ ಬದಿಯ ಸ್ಟಾಲಿಗೆ ಹಾಕಿದ್ದಾರೆ.”

“ಹೊರಗೆಯಾ?”

“ಪೂರಾ ಹೊರಗೆ. ಸಂಜೆ ಐದರಿಂದ. ಕೂದಲಿನ ನಿಯಮ ಅಲ್ಲಿಯೂ ಉಂಟಂತೆ. ಎರಡು ಸಲ ವಾರ್ನಿಂಗ್, ಮೂರನೇದಕ್ಕೆ ಮನೆಗೆ.”

ಮರುದಿನ ಬೆಳಗ್ಗೆ ಅವನ ಶಿಫ್ಟಿಗೆ ಮೊದಲು ಇಬ್ಬರೂ ಸಮುದ್ರದ ದಂಡೆಗೆ ಹೋದೆವು. ನನ್ನ ತಲೆಯಲ್ಲೂ ಅಂದು ಎಣ್ಣೆ ಇರಲಿಲ್ಲ. ನನ್ನದು ಇಪ್ಪತ್ತೈದು ನಿಮಿಷ ನಿಂತಿತು, ಅವನದು ನಲವತ್ತು. ಶನಿವಾರ ರಾತ್ರಿ ಅವನ ಶಿಫ್ಟ್ ಮುಗಿದ ಮೇಲೆ ಹೋಗಿ ಪೊಮೇಡ್ ಕಡಿಮೆ ಮಾಡಿದೆವು, ಭಾನುವಾರ ರಾತ್ರಿ ಹೆಚ್ಚು ಮಾಡಿದೆವು. ನಲವತ್ತೈದು ದಾಟಲಿಲ್ಲ. ಮೇಲಿನಿಂದ ಹೇರ್ ಸ್ಪ್ರೇ ಹೊಡೆದರೆ ನಿಲ್ಲುತ್ತದೆ ಎನ್ನುತ್ತಾರೆ. ಹೊಡೆದರೆ ನೀರು ಕೂದಲಿಗೆ ಮುಟ್ಟುತ್ತದೆಯೇ ಎಂಬುದು ಅವನ ಹಳೆಯ ಸಂದೇಹ.

ಒಂದನೇ ತಾರೀಕಿಗೆ ಇನ್ನು ಒಂದು ವಾರ ಇದೆ. ಫಹಾಹೀಲ್ ಆಗಲಿ ಸಾಲ್ಮಿಯಾ ಆಗಲಿ, ಕಡಲ ಬದಿಯ ಸೆಕೆಯಲ್ಲಿ ನಿಂತು ದುಡಿಯುವವರು, ದಿನಕ್ಕೆ ಐದು ಸಲ ವುಝೂ ಮಾಡಿಯೂ ಕೂದಲು ಹಿಂದಕ್ಕೆ ಕೂರಿಸಿಕೊಂಡವರು ಯಾರಾದರೂ ಇದ್ದರೆ, ಏನು ಹಚ್ಚುತ್ತೀರಿ, ಎಷ್ಟು, ಯಾವ ಹೊತ್ತಿಗೆ ಎಂದು ಈ ಪತ್ರಿಕೆಯ ವಿಳಾಸಕ್ಕೆ ಎರಡು ಸಾಲು ಬರೆದು ತಿಳಿಸಿ. ತಡವಾಗಿ ಬಂದರೂ ಪರವಾಗಿಲ್ಲ, ಸೆಕೆ ಅಕ್ಟೋಬರ್‌ವರೆಗೂ ಇರುತ್ತದೆ.