ಅಕ್ಕನ ಮೂರನೆಯ ಜಿಗಿತ

ಮಕ್ಕಳೇ, ನಾನು ಚಿಕ್ಕವಳಿದ್ದಾಗ ನಮ್ಮ ಮನೆ ಸೌದಿಯ ರಿಯಾದಿನಲ್ಲಿ, ಮಲಾಜ್ ಎಂಬ ಹಳೆಯ ಬಡಾವಣೆಯಲ್ಲಿತ್ತು. ಇಸವಿ ಎರಡು ಸಾವಿರ ದಾಟಿ ಕೆಲವೇ ವರ್ಷಗಳಾಗಿದ್ದವು. ಅಪ್ಪ ಉಡುಪಿಯಲ್ಲಿ ಓದುವಾಗ ಲಾಂಗ್ ಜಂಪ್ ಹಾರುತ್ತಿದ್ದವರು. ಮೊಣಕಾಲು ಕೆಟ್ಟ ಮೇಲೆ ಬಿಟ್ಟಿದ್ದರು. ಅಕ್ಕ, ಅಂದರೆ ನಿಮ್ಮ ದೊಡ್ಡಮ್ಮ, ಹೈಸ್ಕೂಲಿಗೆ ಬಂದಾಗ ಅವಳ ಉದ್ದ ಕಾಲುಗಳನ್ನು ನೋಡಿ ಅಪ್ಪನಿಗೆ ಹಳೆಯ ಹುಚ್ಚು ಮರಳಿತು.

ಶುಕ್ರವಾರ ಬೆಳಗಾಗುತ್ತಲೇ ಅಪ್ಪ ನಮ್ಮಿಬ್ಬರನ್ನೂ ಊರ ಹೊರಗಿನ ಕೆಂಪು ಮರಳಿನ ದಿಬ್ಬಗಳಿಗೆ ಕರೆದೊಯ್ಯುತ್ತಿದ್ದರು. ದಿಬ್ಬದ ಬುಡದ ಗಟ್ಟಿ ನೆಲದಲ್ಲಿ ಓಡಿಬಂದು ಅಕ್ಕ ಮರಳಿಗೆ ಹಾರಬೇಕು. ಆ ಹೊತ್ತಿಗೆ ಮರಳು ಪಾದಕ್ಕೆ ತಣ್ಣಗಿರುತ್ತಿತ್ತು, ಬಿಸಿಲೇರಿದರೆ ನಿಲ್ಲಲಾಗುತ್ತಿರಲಿಲ್ಲ. ಅಪ್ಪ ಪಕ್ಕದಲ್ಲಿ ಕುಳಿತು ಅವಳ ಹೆಜ್ಜೆಗಳನ್ನೇ ನೋಡುತ್ತಿದ್ದರು. ಓಟ ಎಲ್ಲಿಂದ ಶುರುವಾಗಬೇಕೆಂದು ಗುರುತು ಹಾಕುವವರೂ ಅವರೇ. ವಾಪಸು ಬರುವಾಗ ಕಾರಿನ ತುಂಬ ಮರಳು, ನಮ್ಮ ಮಡಿಲಲ್ಲಿ ಬಿಸಿ ಖುಬೂಸ್ ರೊಟ್ಟಿಯ ಪೊಟ್ಟಣ.

ಶಾಲೆಯ ಕ್ರೀಡಾಕೂಟದ ದಿನ ಬಂತು. ಆಗ ಹುಡುಗಿಯರ ವಿಭಾಗದೊಳಗೆ ಗಂಡಸರು ಬರುವಂತಿರಲಿಲ್ಲ, ತಂದೆಯಾದರೂ ಸರಿ. ಅಪ್ಪ ಎತ್ತರದ ಗೋಡೆಯಾಚೆ ಗೇಟಿನ ಬಳಿ ಉಳಿದರು. ಅಮ್ಮನೂ ನಾನೂ ಒಳಗೆ ಹೋದೆವು.

ಮೊದಲ ಜಿಗಿತದಲ್ಲಿ ಅಕ್ಕನ ಕಾಲು, ಮೆಟ್ಟಿ ಹಾರಬೇಕಾದ ಬಿಳಿ ಹಲಗೆಯನ್ನು ದಾಟಿತು. ಟೀಚರ್ ಕೆಂಪು ಬಾವುಟ ಎತ್ತಿದರು. ಎರಡನೆಯದೂ ಹಾಗೆಯೇ. ಇನ್ನು ಒಂದೇ ಅವಕಾಶ. ಅಕ್ಕ ಬೆವರು ಒರೆಸುತ್ತ ನನ್ನ ಬಳಿ ಬಂದು, "ಅಪ್ಪನ ಹತ್ರ ಕೇಳಿಕೊಂಡು ಬಾ, ಎಂತ ಮಾಡ್ಬೇಕು ಅಂತ" ಎಂದಳು. ನಾನು ಓಡಿದೆ.

ಗೇಟಿನ ಸಂದಿಯಲ್ಲಿ ಅಪ್ಪನ ಅರ್ಧ ಮುಖ ಮಾತ್ರ ಕಾಣುತ್ತಿತ್ತು.

"ಎರಡೂ ಫೌಲ್, ಅಪ್ಪ."

"ಎಷ್ಟು ದಾಟಿದ್ದು?"

ನಾನು ಬೆರಳುಗಳನ್ನು ಅಗಲಿಸಿ ತೋರಿಸಿದೆ. ಅಪ್ಪ ಕಣ್ಣು ಮುಚ್ಚಿ ಯೋಚಿಸಿದರು. "ಗುರುತು ಒಂದು ಪಾದ ಹಿಂದೆ ಇಡ್ಲಿಕ್ಕೆ ಹೇಳು. ಹೆದರುವುದು ಬೇಡ ಅಂತ ಹೇಳು."

ಅಕ್ಕ ಅಪ್ಪ ಹೇಳಿದಂತೆಯೇ ಗುರುತು ಸರಿಸಿ ನಿಂತಳು. ಅಷ್ಟರಲ್ಲಿ ಬೆನ್ನ ಹಿಂದಿನಿಂದ ಬಿಸಿಗಾಳಿ ಬೀಸಿ ಅವಳ ಜಡೆಯನ್ನು ಮುಂದಕ್ಕೆ ತಳ್ಳಿತು. "ಗಾಳಿ ದೂಡ್ತಾ ಉಂಟು. ಹೊರಗೆ ನಿಂತ ಅಪ್ಪನಿಗೆ ಇದು ಹೇಗೆ ಗೊತ್ತಾಗ್ಬೇಕು?" ಎನ್ನುತ್ತ ಗುರುತನ್ನು ಇನ್ನೂ ಒಂದು ಪಾದ ಹಿಂದಿಟ್ಟಳು. ಅಪ್ಪನ ಲೆಕ್ಕವನ್ನು ಅವಳು ಬದಲಿಸಿದ್ದು ಅದೇ ಮೊದಲು.

ಅಕ್ಕ ಓಡಿದಳು. ಹಲಗೆಯ ಮೇಲೆ ಪಾದ ಬಿದ್ದ ಸದ್ದು ಕೇಳಿಸಿತು, ಮರಳು ಚಿಮ್ಮಿತು. ಮೇಲೆದ್ದದ್ದು ಬಿಳಿ ಬಾವುಟ.

ಗೇಟಿನಾಚೆ ಅಕ್ಕನೇ ಹೇಳಿದಳು: "ಸೆಕೆಂಡ್ ಬಂದೆ. ಆದ್ರೆ ನೀವು ಹೇಳಿದ್ದಕ್ಕಿಂತ ಇನ್ನೂ ಒಂದು ಪಾದ ಹಿಂದಿನಿಂದ ಓಡಿದ್ದು ಅಪ್ಪ. ಗಾಳಿ ಇತ್ತು."

ಅಪ್ಪ ಗಾಳಿ ಬೀಸುವ ಕಡೆಗೆ ಮುಖ ತಿರುಗಿಸಿ ನೋಡಿದರು. ಆಮೇಲೆ, "ಸರಿಯಾಗಿಯೇ ಮಾಡಿದ್ದಿ. ಇನ್ನು ಗುರುತು ನೀನೇ ಇಡು ಮಾರಾಯ್ತಿ" ಎಂದರು.

ಮುಂದೆ ಅಕ್ಕ ಮಂಗಳೂರಿನ ಕಾಲೇಜಿಗೆ ಸೇರಿ ಹಲವು ವರ್ಷ ಹಾರಿದಳು. ಅಪ್ಪ ರಜೆ ಸಿಕ್ಕಾಗ ಹೋಗಿ, ಮೈದಾನದ ಒಳಗೇ ಕುಳಿತು ನೋಡಿದರು.

ಈಗ ರಿಯಾದಿನಲ್ಲೂ ಹುಡುಗಿಯರ ಆಟ ನೋಡಲು ಅಪ್ಪಂದಿರು ಹೋಗುತ್ತಾರಂತೆ. ಮೊನ್ನೆ ನಿಮ್ಮ ಶಾಲೆಯ ಓಟದ ದಿನ ನಿಮ್ಮಪ್ಪ ಮುಂದಿನ ಸಾಲಿನಲ್ಲೇ ಇದ್ದ. ನೀವು ಗೆಳತಿಯರ ಜೊತೆ ಮಾತಾಡುತ್ತ, ಅವನತ್ತ ತಿರುಗಿಯೂ ನೋಡದೆ ಹೋದಿರಿ. ಅಪ್ಪ ಅಲ್ಲಿರುವುದು ನಿಮಗೆ ವಿಶೇಷವೇ ಅಲ್ಲ. ಅದನ್ನು ನೋಡಿ ನನಗೆ ಸಂತೋಷವೇ ಆಯಿತು.