ಕಂಬಳಿಯಲ್ಲಿ ಬೆಚ್ಚಗಾದ ರಕ್ತ

ವಾಚಕರ ಸನ್ನಿಧಿಗೆ ವಿನಂತಿಪೂರ್ವಕವಾಗಿ ತಿಳಿಯಪಡಿಸುವುದೇನೆಂದರೆ, ಕಳೆದ ಬೇಸಿಗೆಯಲ್ಲಿ ಕುರಿ ಮೇಯಿಸಲು ಕಾಡಿನ ಸೀಮೆಗೆ ಹೋಗಿದ್ದ ನನ್ನ ಯಜಮಾನರು ಕುಳಗೇರಿ ಕ್ರಾಸಿನಲ್ಲಿ ಬಸ್ಸಿಳಿದಾಗ ಅವರ ಮೈ ಸುಡುತ್ತಿತ್ತು.

ಮರುದಿನ ವಸಡಿನಿಂದ ರಕ್ತ ಬಂತು.

ಬಾದಾಮಿಯ ದವಾಖಾನೆಯಲ್ಲಿ ಅಡ್ಮಿಟ್ ಮಾಡಲಾಯಿತು. ಯಜಮಾನರ ಕಾಕಾ, ಬೀರಪ್ಪನ ಗುಡಿಯ ಹಿರಿಯರು, ವಾರ್ಡಿನ ಬಾಗಿಲಲ್ಲಿ ನಿಂತು ನನ್ನತ್ತ ಕೈ ತೋರಿಸಿ ಎಲ್ಲರಿಗೂ ಕೇಳುವಂತೆ ನುಡಿದರು: "ಈಕಿ ಊಟದಾಗ ಏನೋ ಮದ್ದು ಹಾಕ್ಯಾಳ. ಈಕಿ ಕೈಯಾಗಿಂದು ಯಾರೂ ಉಣಬ್ಯಾಡ್ರಿ."

ಅಂದಿನಿಂದ ನಾನು ಒಯ್ದ ಗಂಜಿಯನ್ನು ಅತ್ತೆಯವರು ಚೆಲ್ಲತೊಡಗಿದರು. ನನ್ನನ್ನು ತವರಿಗೆ ಅಟ್ಟುವ ಮಾತೂ ನಡೆಯಿತು.

ಡಾಕ್ಟರರು ಮಾತ್ರ, ಇದು ಕಾಡಿನ ಉಣ್ಣಿ ಕಡಿದು ಬರುವ ವೈರಸ್ ಜ್ವರವಿರಬಹುದು, ಪುಣೆಯ ಲ್ಯಾಬೊರೇಟರಿಯಲ್ಲಿ ಪರೀಕ್ಷೆಯಾಗದೆ ಹೇಳಲಾಗದು ಎಂದರು. ರಕ್ತದ ಸ್ಯಾಂಪಲ್ ಐಸಿನಲ್ಲಿಯೇ ಹುಬ್ಬಳ್ಳಿಯ ಆಸ್ಪತ್ರೆ ತಲುಪಬೇಕು. ಅಲ್ಲಿಂದ ಪುಣೆಗೆ ಆಸ್ಪತ್ರೆಯವರೇ ಕಳಿಸುವರು. ಒಯ್ಯುವ ಹೊಣೆಯನ್ನು ಕಾಕಾ ವಹಿಸಿಕೊಂಡರು. ನನ್ನ ಮಾನವೆಲ್ಲ ಆ ಬಾಟಲಿಯಲ್ಲಿತ್ತು.

ಹುಬ್ಬಳ್ಳಿಯಲ್ಲಿ, ಕೆಟ್ಟಿದೆಯೆಂದು ಅದನ್ನು ತಿರಸ್ಕರಿಸಲಾಯಿತು.

ಕಾಕಾ ದಾರಿಯಲ್ಲಿ ಬಾಟಲಿಯನ್ನು ಐಸಿನಿಂದ ತೆಗೆದು, ಚಳಿಗೆ ಸೋತ ಎಳೆಯ ಕುರಿಮರಿಯಂತೆ ಕಂಬಳಿಯೊಳಗೆ ಎದೆಗೆ ಅವುಚಿಕೊಂಡಿದ್ದರು. ಡಾಕ್ಟರರು ಗದರಿದಾಗ, "ನಮ್ಮ ಹುಡುಗನ ರಕ್ತ ಥಂಡ್ಯಾಗ ಸಾಯ್ತಿತ್ರಿ ಸಾಹೇಬ್ರ" ಎಂದರು. ಕಣ್ಣು ತುಂಬಿದ್ದವು. ಆ ಪ್ರೀತಿಯನ್ನು ನಾನು ಅಲ್ಲಗಳೆಯುವುದಿಲ್ಲ. ಕ್ಷಮಿಸಿಯೂ ಇಲ್ಲ.

ಜ್ವರ ಇಳಿಯಿತು. ಗುಣವಾದವರ ರಕ್ತದಲ್ಲಿಯೂ ರೋಗದ ಗುರುತು ಸಿಗುತ್ತದೆಂದು ಡಾಕ್ಟರರು ಮತ್ತೊಂದು ಸ್ಯಾಂಪಲ್ ತೆಗೆದರು. ಈ ಸಲವೂ ಕಾಕಾನೇ ಒಯ್ಯಲಿ, ಜೊತೆಗೆ ನಾನೂ ಹೋಗುವೆನೆಂದು ಹಟ ಹಿಡಿದೆ. ಬಸ್ಸಿನಲ್ಲಿ ಐಸಿನ ಡಬ್ಬಿಯನ್ನು ಅವರ ತೊಡೆಯ ಮೇಲೆಯೇ ಇಡಿಸಿದೆ. ಅದು ತೊಟ್ಟಿಕ್ಕಿ ಧೋತರ ನೆನೆಯಿತು. ಅವರು ಕಂಬಳಿಯತ್ತ ಕೈ ಒಯ್ದಾಗಲೆಲ್ಲ ನಾನು ನೋಡುತ್ತಿದ್ದೆ. ಕೈ ಹಿಂದೆ ಸರಿಯುತ್ತಿತ್ತು.

ಪುಣೆಯಿಂದ ಟ್ರಂಕ್ ಕಾಲ್ ಬಂದ ದಿನ ಡಾಕ್ಟರರು ಮನೆಯವರೆಲ್ಲರನ್ನೂ ಕರೆಸಿದರು.

"ಉಣ್ಣಿ ಜ್ವರನ ಖರೆ. ಮದ್ದೂ ಅಲ್ಲ, ಮಾಟಾನೂ ಅಲ್ಲ."

ತಪ್ಪೊಪ್ಪಿಕೊಳ್ಳಿರೆಂದು ನಾನು ಕಾಕಾನಿಗೆ ಹೇಳಲಿಲ್ಲ. ಊಟಕ್ಕೆ ಕರೆದೆ. ಗುಡಿಯ ಹಿರಿಯರೆಲ್ಲರ ಎದುರು ಅವರ ತಾಟಿಗೆ ರೊಟ್ಟಿ, ಬದನೆಕಾಯಿ ಪಲ್ಯ ಬಡಿಸಿದೆ. ಅವರು ರೊಟ್ಟಿ ಮುರಿದು ತಾಟಿನಲ್ಲಿಯೇ ಇಟ್ಟರು.

"ಉಣ್ರಿ ಕಾಕಾರ, ಥಂಡ ಆಗ್ತೈತಿ" ಎಂದೆ.

ಉಂಡರು. ಕಡೆಯ ತುತ್ತಿನವರೆಗೂ ನಾನು ಕದಲದೆ ನಿಂತಿದ್ದೆ.

ಯಜಮಾನರು ಈಗ ಹಿಂಡಿನ ಹಿಂದೆ ನಿಧಾನವಾಗಿ ನಡೆಯುತ್ತಾರೆ. ಈ ಬಗ್ಗೆ ಬೀರಪ್ಪನಿಗೂ ಡಾಕ್ಟರರಿಗೂ ಕೃತಜ್ಞಳಾಗಿದ್ದೇನೆ. ಪ್ರತಿ ಅಮಾವಾಸ್ಯೆಯ ಊಟಕ್ಕೆ ಕಾಕಾನಿಗೆ ತಪ್ಪದೆ ಹೇಳಿಕಳಿಸುತ್ತೇನೆ. ಬರುತ್ತಾರೆ.

ಬಡಿಸುವುದು ನಾನೇ.